ಆನೆ ದಾಟುವ ತನಕ

ಬ್ಯಾಟರಿ ನನ್ನದು, ಜೀಪು ಅವರದು,
ಮಾತು ಮಡಿಕೇರಿಯಿಂದ ಬರೆದು ಬರುತ್ತದೆ,
ಎರಡು ಹಾಳೆ, ಮೂಲೆಗೆ ಪಿನ್ನು ಹೊಡೆದು.
ಹತ್ತು ವರ್ಷದಿಂದ ಇದೇ ಗಂಟಲು:
'ನಿಮ್ಮ ಮನೆಮಗ, ನಿಮ್ಮ ಶಾಸಕ, ಉತ್ತಯ್ಯನವರು
ಇದೋ ನಿಮ್ಮ ಬಾಗಿಲಿಗೆ...'
ಮೊದಲ ಸಲ 'ಬದಲಾವಣೆಗಾಗಿ' ಅಂದಿದ್ದೆ.
ಎರಡನೇ ಸಲ 'ಬಾಕಿ ಕೆಲಸ ಮುಗಿಸಲು'.
ಈ ಸಲದ ಹಾಳೆಯಲ್ಲಿ 'ಮತ್ತೊಮ್ಮೆ' ಅಂತಷ್ಟೇ ಇದೆ,
ಯಾತಕ್ಕೆಂದು ಬರೆಯಲು ಮರೆತಂತಿದೆ.

ಸಿದ್ದಾಪುರದ ಸಂತೆಯಲ್ಲಿ ಒಣಮೀನಿನ ರಾಶಿಗೂ ಕೈಮುಗಿದರು,
ಅದರ ಹಿಂದೆ ಯಾರೋ ಕೂತಿರಬಹುದೆಂದು.
ಅಮ್ಮತ್ತಿಯ ನಿವೃತ್ತ ಸುಬೇದಾರರು
ಗೇಟು ತೆಗೆಯದೆ, ಒಳಗಿಂದಲೇ ಸೆಲ್ಯೂಟ್ ಹೊಡೆದರು;
ಅದು ಸ್ವಾಗತವೋ ಬೀಳ್ಕೊಡುಗೆಯೋ
ಏಜೆಂಟ್ ಪೂವಣ್ಣನಿಗೂ ತಿಳಿಯಲಿಲ್ಲ.
ಚೆಂಡುಹೂವಿನ ಹಾರ ಒಂದೇ,
ಮೂರು ಊರಲ್ಲಿ ಅವರ ಕೊರಳೇರಿತು.
ಮೂರನೆಯದಕ್ಕೆ ನಾನೇ ನೀರು ಚಿಮುಕಿಸಿದೆ.

ಸಂಜೆ ಆರೂವರೆ. ತೋಟದ ಕೊನೆಯ ಲೈನ್‌ಮನೆ.
ನಲವತ್ತೊಂದು ಓಟು, ಹತ್ತು ನಿಮಿಷ, ಅಂದ ಪೂವಣ್ಣ.
'ಪ್ರೀತಿಯ ಬಂಧುಗಳೇ' ಎಂಬಲ್ಲಿಗೆ
ಅರಣ್ಯ ಇಲಾಖೆಯ ಹುಡುಗ ಓಡಿ ಬಂದ:
ರಸ್ತೆಯಲ್ಲಿ ನಾಲ್ಕಿವೆ, ಜೊತೆಗೊಂದು ಮರಿ,
ಲೈಟು ಆರಿಸಿ, ಮೈಕೂ.
ಅವರ ಬಾಯಿ ತೆರೆದಿರುವಾಗ
ನಾನು ಮೈಕು ಆರಿಸಿದ್ದು ಅದೇ ಮೊದಲು.

ಎಲ್ಲರೂ ಒಳಗೆ. ಒಂದೇ ಕೋಣೆ.
ಬೊಳಚಿ ಬೆಲ್ಲದ ಕಾಫಿ ಕಾಸಿದಳು,
ಹಾಲಿಲ್ಲ, ಲೋಟ ಮೂರೇ, ಸರದಿಯ ಮೇಲೆ.
ಹಕ್ಕುಪತ್ರದ ಮಾತೆತ್ತುತ್ತಾಳೆಂದು
ಅವರು ಮೊದಲೇ ಗಂಟಲು ಸರಿಮಾಡಿಕೊಂಡರು.
ಅವಳು ಎತ್ತಲಿಲ್ಲ. ಅಕ್ಕಿಡಬ್ಬದ ಹಿಂದಿನಿಂದ
ಒಂದು ಪ್ಲಾಸ್ಟಿಕ್ ಕವರ್ ತೆಗೆದು
ಅದರೊಳಗಿನ ಕಾಗದ ಕೊಟ್ಟು,
'ಇದ್ರಲ್ಲಿ ಏನು ಬರ್ದಿದೆ, ಓದಿ ಹೇಳಿ' ಅಂದಳು.

ನನ್ನ ಮೊಬೈಲಿನ ಬೆಳಕಿನಲ್ಲಿ ಅವರದೇ ಸಹಿ ಕಂಡಿತು,
ಎಂಟು ವರ್ಷ ಹಳೆಯದು, ಬಾಲ ಉದ್ದ.
ಸಹಿಯ ಮೇಲೊಂದು ಪದ, ಎರಡು ಗೆರೆ ಎಳೆದದ್ದು.
'ತುರ್ತು' ಎಂದು ಓದಿದರು.
'ಹಂಗಂದ್ರೆ?'
ಅವರು ಸ್ವಲ್ಪ ಹೊತ್ತು ತಗೊಂಡರು.
'ಬೇಗ' ಅಂದರು.
'ಓ' ಅಂದಳು ಬೊಳಚಿ, ಬೈದಹಾಗಲ್ಲ,
ಬಹಳ ದಿನದ ಒಂದು ಒಗಟು ಬಿಡಿಸಿದ ಹಾಗೆ.

ಹೊರಗೆ ಹಲಸಿನ ಹಣ್ಣು ಬಿದ್ದ ಸದ್ದು, ದೊಪ್ಪನೆ.
ಆಮೇಲೆ ಸೀಳುವ ಸದ್ದು. ವಾಸನೆ ಒಳಗೂ ಬಂತು.
ಪೂವಣ್ಣ ಪಿಸುಗುಟ್ಟಿದ, ಕರಪತ್ರದ ಎರಡನೇ ಪುಟ ನೆನಪಾಗಿ:
'ಸಾಹೇಬ್ರು ಹಳಿ ಬೇಲಿ ಹಾಕ್ಸಿದ್ರಲ್ಲಾ, ಹನ್ನೊಂದು ಕಿಲೋಮೀಟರ್!'
'ಬೇಲಿ ಗಟ್ಟಿ ಇದೆ' ಅಂದಳು ಬೊಳಚಿ.
'ಹಾಕೋವಾಗ ಅವು ಈಚೆ ಇದ್ವು.
ಈಗ ಪಾಪ, ಹೋಗೋಕೂ ಆಗಲ್ಲ.'
ಮೂಲೆಯಲ್ಲಿ ಯಾವುದೋ ಮಗು ಕಿಸಕ್ಕೆಂದಿತು.
ಉತ್ತಯ್ಯನವರು ಕಾಗದವನ್ನು ಮಡಿಸಿದರು,
ಹಳೆಯ ಮಡಿಕೆಯಲ್ಲೇ, ಎಚ್ಚರದಿಂದ,
ಆಮೇಲೆ ಯಾರ ಕೈಗೆ ಕೊಡಬೇಕೆಂದು ಮರೆತವರಂತೆ
ಬಹಳ ಹೊತ್ತು ಹಿಡಿದುಕೊಂಡೇ ಕೂತರು.

ಒಂಬತ್ತೂ ನಲವತ್ತಕ್ಕೆ ದಾರಿ ಬಿಟ್ಟವು.
ಜೀಪಿನ ಪಕ್ಕ ಬಿಸಿ ಲದ್ದಿ, ಅದರ ತುಂಬ ಹಲಸಿನ ಬೀಜ.
ಬಾನೆಟ್ಟಿನ ಮೇಲಿದ್ದ ಹಾರ ಇಲ್ಲ,
ದಾರದ ಒಂದು ತುಂಡು ಮಾತ್ರ ವೈಪರಿಗೆ ಸಿಕ್ಕಿಕೊಂಡಿತ್ತು.
'ಮುಂದಿನ ಊರಿಗೇನು ಮಾಡೋದು?' ಪೂವಣ್ಣನ ಚಿಂತೆ.

ಅವರು ಮುಂದಿನ ಸೀಟಿನಲ್ಲಿ ಕೂತು
ಹತ್ತು ವರ್ಷದಲ್ಲಿ ಮೊದಲ ಬಾರಿ ಹಿಂದಿರುಗಿ ಕೇಳಿದರು:
'ಮೊಯ್ದು, ನೀನು ಯಾರಿಗೆ ಹಾಕ್ತೀಯ?'
'ನನ್ನ ಓಟು ಪಿರಿಯಾಪಟ್ಟಣದಲ್ಲಿದೆ ಸಾರ್,
ಹೆಂಡತಿ ಮನೆ ವಿಳಾಸ.'
ನಕ್ಕರು. ನಿಜವಾಗಿ ನಕ್ಕರು, ಹೊಟ್ಟೆ ಕುಲುಕಿ,
ಫೋಟೊದವನು ಹಿಂದಿನ ಕಾರಿನಲ್ಲಿ ನಿದ್ದೆಹೋಗಿದ್ದ.

ಹತ್ತು ಗಂಟೆಗೆ ಇನ್ನೂ ಹದಿನೆಂಟು ನಿಮಿಷ.
ಮೈಕಿನ ಗುಂಡಿ ಒತ್ತಿದೆ, ಅದು ಒಮ್ಮೆ ಕೀರಿತು.
ಹಾಳೆ ಕಾಣುತ್ತಿರಲಿಲ್ಲ.
'ಮತ್ತೊಮ್ಮೆ' ಅಂದೆ,
ಇಬ್ಬದಿಯ ಕಾಫಿ ಗಿಡಗಳಿಗೆ,
ಮುಂದಿನ ಪದಕ್ಕಾಗಿ
ಕತ್ತಲಲ್ಲಿ ಕಾಗದ ತಡಕುತ್ತಾ.